ಜನನ: ರಂಗೂನು

ಕಳೆದ ತಿಂಗಳು ನನ್ನ ತಮ್ಮನ ಮೊಮ್ಮಗಳು ಯಾವುದೋ ಹೊಸ ಹೋಟೆಲಿನಿಂದ ಒಂದು ಡಬ್ಬಿ ತಂದು ಊಟದ ಮೇಜಿನ ಮೇಲೆ ಬಿಚ್ಚಿದಳು. "ಇದು ಬರ್ಮಾದ ಊಟ ಅಜ್ಜಿ. ನೀವು ತಿಂದಿರ್ಲಿಕ್ಕಿಲ್ಲ," ಅಂದಳು. ಮುಚ್ಚಳ ತೆಗೆದ ಕೂಡಲೇ ಹುರಿದ ಕಡಲೆಹಿಟ್ಟು, ತೆಂಗಿನಹಾಲು, ಕೆಂಪಗೆ ಕರಿದ ನೀರುಳ್ಳಿ, ಮೇಲೆ ಹಿಂಡಿದ ಲಿಂಬೆ, ಎಲ್ಲದರ ವಾಸನೆ ಒಟ್ಟಿಗೆ ಎದ್ದು ಬಂತು. ಒಂದು ತುತ್ತು ತಿಂದೆ. ಚಮಚ ಕೆಳಗಿಟ್ಟೆ. "ಖಾರ ಆಯ್ತಾ?" ಅಂತ ಹುಡುಗಿ ಕೇಳಿದಳು. ಹೌದು ಅಂದೆ. ಖಾರ ಇರಲೇ ಇಲ್ಲ.

ಅದು ಮಂಗಳೂರಿನ ಕುಲಶೇಖರದಲ್ಲಿ ನಮ್ಮ ಪಕ್ಕದ ಅಡುಗೆಮನೆಯ ವಾಸನೆ. ರೋಜಿ ಮಾವ್ಶಿಯ ಅಡುಗೆಮನೆ. ಮಾವ್ಶಿ ಅಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಮ್ಮ; ಅವರು ನನ್ನನ್ನು ಬಾಯೆ, ಅಂದರೆ ಮಗಳೇ, ಅನ್ನುತ್ತಿದ್ದರು. ರಕ್ತಸಂಬಂಧ ಏನೂ ಇರಲಿಲ್ಲ. ಅವರ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ, ಅದೂ ಮಕ್ಕಳು ಹತ್ತಿ ಇಳಿದು ಅರ್ಧಕ್ಕೆ ಕುಸಿದದ್ದು. ನಾವು ಅಕ್ಕಿ ಶ್ಯಾವಿಗೆಗೆ ಬೆಲ್ಲ ಹಾಕಿದ ತೆಂಗಿನಹಾಲು ಸುರಿದು ತಿನ್ನುವವರು. ಮಾವ್ಶಿ ಅದೇ ಶ್ಯಾವಿಗೆಗೆ, ಅದೇ ತೆಂಗಿನಹಾಲಿಗೆ, ಕೋಳಿ, ನೀರುಳ್ಳಿ, ಕಡಲೆಹಿಟ್ಟು ಹಾಕಿ ಸಾರು ಮಾಡುತ್ತಿದ್ದರು. ನಮ್ಮಮ್ಮ ಮೊದಲ ಸಲ ನೋಡಿದಾಗ ಶಿಲುಬೆಯ ಗುರುತು ಹಾಕಿಕೊಂಡಿದ್ದರಂತೆ. ಆಮೇಲೆ ಅವರೇ ಪಾತ್ರೆ ಹಿಡಿದುಕೊಂಡು ಗೋಡೆಯ ಹತ್ತಿರ ನಿಲ್ಲತೊಡಗಿದರು.

ಮಾವ್ಶಿ ಬರ್ಮಾದವರು. ಆ ಮನೆಯ ಮಗ ರಂಗೂನಿಗೆ ಮರದ ವ್ಯಾಪಾರದ ಕಚೇರಿಗೆ ಕೆಲಸಕ್ಕೆ ಹೋದವರು ಅಲ್ಲೇ ಅವರನ್ನು ಮದುವೆಯಾಗಿದ್ದರು; ರೋಜಿ ಅಂತ ಹೆಸರು ಬಂದದ್ದು ಆಗಿನ ಜ್ಞಾನಸ್ನಾನದಲ್ಲಿ. ಜಪಾನಿಯರ ಬಾಂಬು ಬಿದ್ದಾಗ ಗಂಡ, ಹೆಂಡತಿ, ಸಣ್ಣ ಮಗ ಮೂವರೂ ಸಾವಿರಾರು ಜನರ ಜೊತೆ ಕಾಡು ಗುಡ್ಡ ಹತ್ತಿ ನಡೆದು ಹೊರಟರು. ದಾರಿಯಲ್ಲಿ ಕಾಲರಾ ಬಂದು ಗಂಡ ತೀರಿಹೋದರು. ಮಾವ್ಶಿ ಮಗನನ್ನು ಸೊಂಟಕ್ಕೆ ಕಟ್ಟಿಕೊಂಡು ಅಸ್ಸಾಮು ತಲುಪಿ, ರೈಲಿನಿಂದ ರೈಲಿಗೆ ಹತ್ತಿ, ತಾನು ಎಂದೂ ಕಾಣದ ಮಂಗಳೂರಿಗೆ, ತನ್ನನ್ನು ಎಂದೂ ಕಾಣದ ಅತ್ತೆಯ ಮನೆಗೆ ಬಂದು ನಿಂತರು. ನಾನು ಆಗ ತೊಟ್ಟಿಲಲ್ಲಿದ್ದೆ. ಇದೆಲ್ಲ ದೊಡ್ಡವರು ಹೇಳಿ ಗೊತ್ತು. ಅತ್ತೆ ಅತ್ತು ಅತ್ತು ಮೊಮ್ಮಗನನ್ನು ಎತ್ತಿಕೊಂಡರಂತೆ; ಸೊಸೆಗೆ ಮನೆಯ ಪಡುಬದಿಯ ಕೋಣೆ ಬಿಟ್ಟುಕೊಟ್ಟರು. ಅಲ್ಲಿ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು ಮಾವ್ಶಿ ಶಾಲೆಯ ಮಕ್ಕಳ ಯೂನಿಫಾರಂ ಹೊಲಿದು ಮಗನನ್ನು ಸಾಕಿದರು.

ಮಗನ ಹೆಸರು ಸಿರಿಲ್. ಆದರೆ ಅಂಗಳದಲ್ಲಿ ನಿಂತು ಮಾವ್ಶಿ ಕರೆಯುತ್ತಿದ್ದದ್ದು "ಥಾಲೇ" ಅಂತ. ಬರ್ಮಾದ ಮಾತಿನಲ್ಲಿ ಅದು ಪುಟ್ಟ ಮಗನೇ ಅಂದ ಹಾಗೆ. ಕುಲಶೇಖರದ ಹುಡುಗರ ಕಿವಿಗೆ ಅದು ತಾಳೆ ಅಂತ ಕೇಳಿತು. ಅವನು ಉದ್ದಕ್ಕೆ ಬೆಳೆದ ಮೇಲೆ ತಾಳೆಮರ ಆದ. ಸಿಟ್ಟು ಬಂದಾಗ ಮಾತ್ರ "ಹೋಗೋ ಬರ್ಮಾದವನೇ" ಅನ್ನುತ್ತಿದ್ದರು. ಅವನ ಕಣ್ಣು ತಾಯಿಯ ಹಾಗೆ ಸಣ್ಣ, ಕೆನ್ನೆ ಎತ್ತರ. ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಕಾಲೇಜು ಮುಗಿಸಿ ಸೈನ್ಯಕ್ಕೆ ಸೇರಿದ, ಗೂರ್ಖಾ ಪಡೆಯಲ್ಲಿ ಅಧಿಕಾರಿಯಾದ. ಅವನು ಮೊದಲ ಸಲ ಯೂನಿಫಾರಂ ಹಾಕಿಕೊಂಡು ಇಗರ್ಜಿಗೆ ಬಂದ ಭಾನುವಾರ ಪೂಜೆಯ ಉದ್ದಕ್ಕೂ ಹೆಂಗಸರ ಸಾಲಿನಲ್ಲಿ ಕತ್ತುಗಳು ತಿರುಗುತ್ತಲೇ ಇದ್ದವು. ನನ್ನದೂ.

ನಾನು ಹೇಳಬೇಕೆಂದಿರುವುದು ಅರವತ್ತೆರಡರ ಬೇಸಗೆಯಿಂದ ಮುಂದಿನ ಮಳೆಗಾಲದವರೆಗಿನ ಮಾತು. ಅಷ್ಟೇ ಒಂದು ವರ್ಷ. ನಾನು ಆಗಷ್ಟೇ ಟ್ರೈನಿಂಗ್ ಮುಗಿಸಿ ಬಿಕರ್ನಕಟ್ಟೆಯ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಟೀಚರ್ ಆಗಿ ಸೇರಿದ್ದೆ.

ಆ ಮೇ ತಿಂಗಳಲ್ಲಿ ಸಿರಿಲ್ ರಜೆಗೆ ಬಂದ. ಮಳೆ ಹಿಡಿಯುವ ಮುಂಚೆ ಮನೆಯ ಹಂಚು ತಿರುಗಿಸಬೇಕು. ಬೆಕ್ಕು ಓಡಾಡಿ, ತೆಂಗಿನ ಮಡಲು ಬಿದ್ದು ಒಡೆದದ್ದನ್ನು ತೆಗೆದು ಹೊಸದು ಇಡಬೇಕು. ಪ್ರತಿ ವರ್ಷ ಆಳು ಕರೆಸುತ್ತಿದ್ದರು. ಆ ವರ್ಷ ಕ್ಯಾಪ್ಟನ್ ಸಾಹೇಬರೇ ಬನಿಯನ್, ಹಳೇ ಲುಂಗಿಯಲ್ಲಿ ಹಂಚಿನ ಮಾಡು ಹತ್ತಿ ಕೂತರು. ಹಂಚು ಎತ್ತಿಕೊಡಲಿಕ್ಕೆ ಏಣಿಯ ಮೇಲೆ ನಾನು. ಬಿಸಿಲಿಗೆ ಹಂಚು ಕೈ ಸುಡುತ್ತಿತ್ತು. ಒಳಗೆ ಮಾವ್ಶಿಯ ಮೆಷಿನ್ ಸದ್ದು.

"ಹಿಲ್ಡಾ," ಅಂದ ಮೇಲಿನಿಂದ, ಮುಖ ನೋಡದೆ. "ಮುಂದಿನ ರಜೆಗೆ ಬಂದಾಗ ನಿನ್ನ ಪಪ್ಪನ ಹತ್ರ ಒಂದು ಮಾತು ಕೇಳ್ಲಿಕ್ಕುಂಟು."

"ಎಂತ ಮಾತು?"

"ಅದು ಪಪ್ಪನ ಹತ್ರ ಕೇಳುವ ಮಾತು. ಎಂತ ಅಂತ ನಿಂಗೆ ಗೊತ್ತಿಲ್ಲದಿದ್ರೆ ನಾನು ಈಗಲೇ ಇಳಿದು ಹೋಗ್ತೇನೆ."

ನಾನು ಇನ್ನೊಂದು ಹಂಚು ಎತ್ತಿಕೊಟ್ಟೆ. ಅವನು ಇಸಿದುಕೊಂಡ. ಆಮೇಲೆ ಆ ಕೆಲಸ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಅಂಥ ಸುಮ್ಮನಿರುವಿಕೆ ನನಗೆ ಮತ್ತೆ ಜೀವಮಾನದಲ್ಲಿ ಸಿಗಲಿಲ್ಲ.

ಅಕ್ಟೋಬರಿನಲ್ಲಿ ಚೀನಾದ ಜೊತೆ ಯುದ್ಧ ಬಂತು. ನಮಗೆ ಗಡಿ ಅಂದರೆ ಎಲ್ಲೋ ಹಿಮ. ಇಲ್ಲಿ ಸೆಕೆಗೆ ಮೈ ಅಂಟುತ್ತಿತ್ತು. ಸಂಜೆಯಾದರೆ ಕುಲಶೇಖರದ ಚಹಾದಂಗಡಿಯ ಎದುರು ರೇಡಿಯೋ ಕೇಳಲಿಕ್ಕೆ ಗಂಡಸರು ಗುಂಪಾಗುತ್ತಿದ್ದರು. ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನ್ನ ಪಪ್ಪ ಅಲ್ಲಿ ಕೇಳಿದ್ದನ್ನು ಬಂದು ಗೋಡೆಯಾಚೆ ಮಾವ್ಶಿಗೆ ಹೇಳುತ್ತಿದ್ದರು, ಒಳ್ಳೆಯದನ್ನು ಮಾತ್ರ ಆರಿಸಿ. ಊರಿನ ಹೆಂಗಸರು ಬಳೆ, ಉಂಗುರ ತೆಗೆದು ಕೊಟ್ಟರು. ಸೈನಿಕರಿಗೆ ಸ್ವೆಟರ್ ಹೆಣೆಯಬೇಕೆಂದು ಒಂದು ಮಹಿಳಾ ಸಮಿತಿ ಆಯಿತು. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಎಷ್ಟೋ ಹೆಂಗಸರು ಉಣ್ಣೆ ಮುಟ್ಟಿದ್ದೇ ಆಗ. ಬೆವರಿದ ಬೆರಳಿಗೆ ದಾರ ಸುತ್ತಿಕೊಂಡು ಹೆಣಿಗೆಗಿಂತ ಬಿಚ್ಚುವುದೇ ಹೆಚ್ಚು.

ಮಾವ್ಶಿಗೆ ಹೆಣಿಗೆ ಚೆನ್ನಾಗಿ ಗೊತ್ತಿತ್ತು. ಸಮಿತಿಯ ಸಭೆಗೆ ನಾನೂ ಅವರೂ ಒಟ್ಟಿಗೆ ಹೋದೆವು. ಒಳಗೆ ಕಾಲಿಟ್ಟಾಗ ಮಾತು ನಿಂತುಹೋಯಿತು. ಒಬ್ಬ ದೊಡ್ಡ ಮನೆಯ ಹೆಂಗಸು ನನ್ನನ್ನು ಬದಿಗೆ ಕರೆದು, "ತಪ್ಪು ತಿಳೀಬೇಡ ಮಗಾ. ಜನ ಈಗ ಹೆದರಿದ್ದಾರೆ. ಇವರ ಮುಖ ನೋಡಿದ್ರೆ... ಉಣ್ಣೆ ಮನೆಗೆ ತಗೊಂಡು ಹೋಗಿ ಹೆಣೀಲಿ, ಆಗದಾ?" ಅಂದರು.

"ಅವರ ಮಗ ಅಲ್ಲಿ ಗಡಿಯಲ್ಲಿದ್ದಾನೆ," ಅಂದೆ.

"ನಂಗೆ ಗೊತ್ತುಂಟು. ಎಲ್ಲರಿಗೂ ಗೊತ್ತಿರ್ಬೇಕಲ್ಲ."

ಮಾವ್ಶಿ ಕೇಳಿಸಿಕೊಂಡಿದ್ದರು. ಕನ್ನಡ ಅವರಿಗೆ ಅರ್ಧಂಬರ್ಧ, ಆದರೆ ಇಂಥದ್ದು ಅರ್ಥವಾಗಲಿಕ್ಕೆ ಭಾಷೆ ಬೇಡ. ಉಣ್ಣೆಯ ಉಂಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ನಡೆದರು. ಇನ್ನೊಂದು ದಿನ ಕುದ್ರೋಳಿಯಲ್ಲಿ ಗುಂಡಿ, ದಾರ ತರಲು ಹೋದಾಗ ಮಕ್ಕಳ ಗುಂಪೊಂದು "ಚೀನಾ! ಚೀನಾ!" ಅಂತ ಹಿಂದೆಯೇ ಓಡಿ ಬಂತು. ಒಂದು ಕಲ್ಲೂ ಬಿತ್ತು. ಒಬ್ಬ ಮುದಿ ಬ್ಯಾರಿ ವ್ಯಾಪಾರಿ ಅಂಗಡಿಯಿಂದ ಎದ್ದು ಬಂದು ಮಕ್ಕಳನ್ನು ಗದರಿಸಿ ಓಡಿಸಿ, ನಮ್ಮನ್ನು ಒಳಗೆ ಕೂರಿಸಿ ಸೋಡಾ ಒಡೆಸಿ ಕೊಟ್ಟರು. ಆಮೇಲೆ ಪೊಲೀಸರು ಮನೆಗೇ ಬಂದು ಕಾಗದಪತ್ರ ಕೇಳಿದರು. ಬಂದವನೊಬ್ಬ ಗೋಡೆಯ ಮೇಲಿದ್ದ ಸಿರಿಲನ ಫೋಟೋ ನೋಡಿ, ತಾನಾಗಿಯೇ ಒಂದು ಸೆಲ್ಯೂಟ್ ಹೊಡೆದು, ನಾಚಿಕೊಂಡು ಹೊರಟುಹೋದ. ಮಾವ್ಶಿ ಬಾಗಿಲು ಹಾಕಿ ಮತ್ತೆ ಸ್ವೆಟರ್ ಹಿಡಿದು ಕೂತರು.

ತಂತಿ ಬಂದದ್ದು ಯುದ್ಧ ನಿಂತ ಮೇಲೆ. ರೇಡಿಯೋದಲ್ಲಿ ಎಲ್ಲ ನಿಂತಿದೆ ಅಂತ ಕೇಳಿ ನಾವು ಉಸಿರು ಬಿಟ್ಟಿದ್ದೆವು. ಮಾವ್ಶಿಗೆ ಇಂಗ್ಲಿಷ್ ಬಾರದೆಂದು ಪೋಸ್ಟ್‌ಮ್ಯಾನ್ ಅದನ್ನು ತಂದು ಪಪ್ಪನ ಕೈಗೆ ಕೊಟ್ಟ. ಬೆಳಿಗ್ಗೆಯ ಹೊತ್ತು, ನಾನು ಶಾಲೆಗೆ ಹೊರಟಿದ್ದೆ. ಪಪ್ಪ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಆ ಅರ್ಧ ಕುಸಿದ ಗೋಡೆಯನ್ನು, ಅವರ ವಯಸ್ಸಿನಲ್ಲಿ, ಹುಡುಗನ ಹಾಗೆ ದಾಟಿ ಆಚೆ ಹೋದರು. ಅಷ್ಟರಿಂದಲೇ ನನಗೆ ತಿಳಿಯಿತು.

ಮಾವ್ಶಿ ಅಳಲಿಲ್ಲ. "ಯಾವ ಜಾಗ?" ಅಂತ ಕೇಳಿದರು. ಪಪ್ಪನಿಗೆ ಊರಿನ ಹೆಸರು ಹೇಳಲು ಬಂತು, ಎಲ್ಲಿದೆ ಅಂತ ಹೇಳಲು ಬರಲಿಲ್ಲ. ನಾನು ಶಾಲೆಯ ಭೂಪಟದ ಪುಸ್ತಕ ತಂದೆ. ನೆಲದ ಮೇಲೆ ಬಿಡಿಸಿಟ್ಟು, ದೇಶದ ಈಶಾನ್ಯ ಮೂಲೆಯಲ್ಲಿ, ಎಲ್ಲ ಗೆರೆಗಳೂ ಒಂದನ್ನೊಂದು ಮುಟ್ಟುವಲ್ಲಿ ಬೆರಳಿಟ್ಟೆ. ಮಾವ್ಶಿ ಬಗ್ಗಿ ತುಂಬ ಹೊತ್ತು ನೋಡಿದರು. ನನ್ನ ಬೆರಳಿನ ಪಕ್ಕ, ಸ್ವಲ್ಪ ಕೆಳಗೆ, ತಮ್ಮ ಬೆರಳಿಟ್ಟರು.

"ಇದು ಬರ್ಮಾ ಅಲ್ವಾ? ಈ ಗುಡ್ಡ ನಾವು ನಡೆದು ಬಂದ ಗುಡ್ಡ. ಇವನ ಪಪ್ಪ ಇಲ್ಲಿ," ಅಂದರು. ಬೆರಳನ್ನು ಮೇಲೆ ಸರಿಸಿದರು. "ಇವನು ಇಲ್ಲಿ. ಅಷ್ಟು ಕಷ್ಟಪಟ್ಟು ಹೊತ್ತುಕೊಂಡು ಬಂದೆ ಬಾಯೆ. ಅಲ್ಲಿಗೇ ಹೋದ."

ಶವ ಬರಲಿಲ್ಲ. ಹಿಮ ಬಿದ್ದಿದೆ, ಈಗ ಯಾರೂ ಹೋಗುವ ಹಾಗಿಲ್ಲ ಅಂತ ತಿಳಿಸಿದ್ದರು. ಇಗರ್ಜಿಯಲ್ಲಿ ಖಾಲಿ ಶವಪೆಟ್ಟಿಗೆಯ ಮೇಲೆ ಕಪ್ಪು ಬಟ್ಟೆ ಹೊದೆಸಿ ಪೂಜೆ ಮಾಡಿದರು. ಪೂಜೆಯಿಂದ ಬಂದು ನಾನು ಬಾವಿಯ ಹತ್ತಿರ ಕೊಡಪಾನ ಹಿಡಿದು ನಿಂತಿದ್ದೆ. ನೀರು ಸೇದಲು ಮರೆತಿದ್ದೆ. ಪಪ್ಪ ಬಂದು ಹಗ್ಗ ತೆಗೆದುಕೊಂಡರು.

"ಅವನು ಹೊರಡುವ ದಿನ ಕಾರ್ಖಾನೆಗೆ ಬಂದಿದ್ದ," ಅಂದರು ಸೇದುತ್ತಾ. "ಒಂದು ಮಾತು ಕೇಳ್ಲಿಕ್ಕುಂಟು, ಮುಂದಿನ ಸಲ ಸರಿಯಾಗಿ ಮನೆಗೆ ಬಂದು ಕೇಳ್ತೇನೆ ಅಂದ. ನನಗೆ ಗೊತ್ತಾಯಿತು. ಈಗಲೇ ಕೇಳು ಮಾರಾಯ ಅಂತ ನಾನು ಹೇಳ್ಬೇಕಿತ್ತು. ಹೇಳ್ಳಿಲ್ಲ."

ಕೊಡಪಾನ ತುಂಬಿ ಹರಿಯಿತು. 

ಹೊಸ ವರ್ಷದಲ್ಲಿ ಸರ್ಕಾರ ಸಿರಿಲನಿಗೆ ಮರಣೋತ್ತರ ಪದಕ ಘೋಷಿಸಿತು. ತನ್ನ ಜನ ಹಿಂದೆ ಸರಿಯಲಿ ಎಂದು ಕಣಿವೆಯ ಒಂದು ತಿರುವಿನಲ್ಲಿ ಕೆಲವೇ ಮಂದಿಯನ್ನು ಇಟ್ಟುಕೊಂಡು ಕೊನೆಯವರೆಗೆ ನಿಂತ ಅಂತ ಪತ್ರಿಕೆಯಲ್ಲಿ ಬಂತು. ಒಂದೇ ಬೆಳಗಿನಲ್ಲಿ ಊರು ಬದಲಾಯಿತು. ಮಣ್ಣಿನ ಗೋಡೆ ದಾಟಲು ಜಾಗವಿಲ್ಲದಷ್ಟು ಜನ ಅಂಗಳಕ್ಕೆ ಬಂದರು. ನನ್ನನ್ನು ಬದಿಗೆ ಕರೆದಿದ್ದ ಆ ಹೆಂಗಸು ಹಣ್ಣಿನ ಬುಟ್ಟಿ ಹಿಡಿದು ಬಂದು ಮಾವ್ಶಿಯ ಕೈ ಹಿಡಿದು ಅತ್ತರು. ಅದು ನಾಟಕವಲ್ಲ. ನಿಜವಾಗಿಯೇ ಅತ್ತರು. ಮಾವ್ಶಿಯೇ ಅವರ ಬೆನ್ನು ಸವರಿ ಸಮಾಧಾನ ಮಾಡಿದರು.

ಮೈದಾನದಲ್ಲಿ ಸಂತಾಪ ಸಭೆ. ಶಾಲೆಗಳಿಂದ ಮಕ್ಕಳ ಮೆರವಣಿಗೆ; ನನ್ನ ತರಗತಿಯ ಮಕ್ಕಳೂ ಕಾಗದದ ಬಾವುಟ ಹಿಡಿದಿದ್ದರು. ಎದುರಿಗೆ ಲಾರಿಯ ಮೇಲೆ ಸಿರಿಲನ ದೊಡ್ಡ ಚಿತ್ರ. ಬರೆದವನು ಫೋಟೋ ನೋಡಿಯೇ ಬರೆದದ್ದು, ಆದರೆ ಅವನ ಕೈಗೆ ಅಭ್ಯಾಸವಾದ ವೀರರ ಮುಖ ಬೇರೆ. ಕಣ್ಣು ದೊಡ್ಡದಾಗಿತ್ತು, ಮೂಗು ಚೂಪಾಗಿತ್ತು, ಮೀಸೆಯೂ ದಪ್ಪ ಬಂದಿತ್ತು. ವೇದಿಕೆಯ ಮೇಲೆ ಕೂತಿದ್ದ ಮಾವ್ಶಿ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಇದು ಯಾರು?"

ಭಾಷಣಗಳಲ್ಲಿ ತುಳುನಾಡಿನ ಮಣ್ಣು, ನೇತ್ರಾವತಿಯ ನೀರು, ಕಡಲತೀರದ ಗಂಡೆದೆ ಎಲ್ಲ ಬಂತು. ಹೊಗಳಿಕೆ ಸುಳ್ಳಾಗಿರಲಿಲ್ಲ, ಅವನು ಈ ನೀರು ಕುಡಿದೇ ಬೆಳೆದವನು. ಆದರೆ ಯಾರ ಮಾತಿನಲ್ಲೂ ಬರ್ಮಾ ಬರಲಿಲ್ಲ. ಅವನು ಬದುಕಿದ್ದಷ್ಟು ದಿನ ಮೊದಲು ಬರುತ್ತಿದ್ದ ಮಾತೇ ಅದು.

ಸ್ಮಾರಕ ಸಮಿತಿ ಆಯಿತು. ಅಧ್ಯಕ್ಷರು ವಕೀಲ ಶೆಟ್ಟರು. ದೊಡ್ಡ ಮನುಷ್ಯರು, ಒಳ್ಳೆಯವರು, ಊರಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಬಿಕರ್ನಕಟ್ಟೆಯಲ್ಲಿ ರಸ್ತೆ ಕೂಡುವಲ್ಲಿ ಕರಿಕಲ್ಲಿನ ಕಂಬ ನಿಲ್ಲಿಸುವುದು, ಅಲ್ಲಿಂದ ನಮ್ಮ ಕಡೆ ಬರುವ ದಾರಿಗೆ ಅವನ ಹೆಸರಿಡುವುದು, ಮಂತ್ರಿಗಳನ್ನು ಕರೆಸುವುದು ಅಂತ ನಿಶ್ಚಯವಾಯಿತು. ಕಲ್ಲಿನಲ್ಲಿ ಬರೆಸುವುದನ್ನು ತೋರಿಸಲು ಒಬ್ಬರು ಬಂದರು. ನಾನು ಮಾವ್ಶಿಗೆ ಓದಿ ಹೇಳಿದೆ. ಮಂಗಳೂರಿನ ವೀರಪುತ್ರ, ಅವನ ಹೆಸರು, ಪಡೆಯ ಹೆಸರು, ಮಡಿದ ಜಾಗ.

"ಹುಟ್ಟಿದ ಜಾಗ?" ಅಂದರು ಮಾವ್ಶಿ.

"ಇಲ್ಲ."

"ಸತ್ತ ಜಾಗ ಉಂಟು, ಹುಟ್ಟಿದ ಜಾಗ ಇಲ್ಲವಾ?"

ಮಾರನೇ ದಿನ ಪಪ್ಪ, ಮಾವ್ಶಿ, ನಾನು ಹಂಪನಕಟ್ಟೆಯ ಹತ್ತಿರ ಶೆಟ್ಟರ ಆಫೀಸಿಗೆ ಹೋದೆವು. ಏಪ್ರಿಲ್ ಬಿಸಿಲು. ಶೆಟ್ಟರು ಎದ್ದು ನಿಂತು ಮಾವ್ಶಿಗೆ ತಮ್ಮ ಕುರ್ಚಿಯನ್ನೇ ಕೊಟ್ಟರು. ವಿಷಯ ಕೇಳಿ ಸ್ವಲ್ಪ ಹೊತ್ತು ಮೇಜಿನ ಮೇಲಿನ ಕಾಗದ ಸರಿ ಮಾಡಿದರು.

"ಪೊರ್ಬುಗಳೇ," ಅಂದರು ಪಪ್ಪನಿಗೆ. ತುಳುವರು ನಮ್ಮ ಜನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. "ನೀವೇ ಸ್ವಲ್ಪ ಹೇಳಿ. ಈಗ ಕಾಲ ಸರಿ ಇಲ್ಲ. ರಂಗೂನು ಅಂತ ಬರೆದ್ರೆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬ ನಿಂತು, ಹಾಗಾದ್ರೆ ಇವ ನಮ್ಮವನಲ್ಲವಾ ಅಂತ ಕೇಳ್ತಾನೆ. ಮತ್ತೆ, ಅವನು ಹುಟ್ಟಿದಾಗ ಬರ್ಮಾವೂ ಇಂಡಿಯಾವೂ ಒಂದೇ ಬ್ರಿಟಿಷ್ ಸರ್ಕಾರ ಅಲ್ವಾ? ಪರದೇಶ ಅಂತ ಲೆಕ್ಕವೇ ಇಲ್ಲ. ಬರೆಯುವ ಅಗತ್ಯ ಎಂತ ಉಂಟು?"

ನಾನು ಕೊಂಕಣಿಯಲ್ಲಿ ಹೇಳಿದೆ. ಮಾವ್ಶಿ ತಮ್ಮ ಮುರುಕು ಕನ್ನಡದಲ್ಲೇ ನೇರ ಉತ್ತರ ಕೊಟ್ಟರು.

"ಶಾಲೆಯಲ್ಲಿ ಬರ್ಮಾದವ. ಆಟದಲ್ಲಿ ಬರ್ಮಾದವ. ಅವನು ಸಾಯುವ ತಿಂಗಳು ನನಗೆ ಕಲ್ಲು ಬಿತ್ತು. ಆಗೆಲ್ಲ ಬರ್ಮಾ ಉಂಟು. ಈಗ ಇಲ್ಲ?"

ಶೆಟ್ಟರ ಮುಖ ಕೆಂಪಾಯಿತು. "ಅಮ್ಮಾ, ಅವನು ಈಗ ನಿಮ್ಮ ಒಬ್ಬರ ಮಗ ಅಲ್ಲ. ಊರಿನ ಮಗ."

"ಆಗಲಿ. ಅವನು ಹುಟ್ಟಿದಾಗ ನಾನು ಇದ್ದೆ, ಊರು ಇರ್ಲಿಲ್ಲ."

 ಕೊನೆಗೆ ಶೆಟ್ಟರು, ಕಲ್ಲು ಆಗಲೇ ಕೆತ್ತಲು ಹೋಗಿದೆ, ಮಂತ್ರಿಗಳ ದಿನ ಸಿಕ್ಕಿದೆ, ಈಗ ಏನೂ ಮಾಡುವ ಹಾಗಿಲ್ಲ ಅಂದರು. ಹಾಗಾದರೆ ನಾನು ಬರುವುದಿಲ್ಲ ಅಂತ ಮಾವ್ಶಿ ಎದ್ದರು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಕಿಟಕಿಯ ಕಡೆ ನೋಡುತ್ತಿದ್ದರು. ವೀರನ ತಾಯಿ ಬಾರದಿದ್ದರೆ ಸಮಿತಿಯ ಮಾನ ಹೋಗುತ್ತದೆ; ಬಂದರೆ ಇವರ ಮನಸ್ಸು ಮುರಿಯುತ್ತದೆ. ಪಪ್ಪ ಅನೇಕ ದಿನ ಊಟ ಸರಿಯಾಗಿ ಮಾಡಲಿಲ್ಲ. ಇಗರ್ಜಿಯ ಪಾದ್ರಿಗಳೂ ಬಂದು ಹೇಳಿ ಹೋದರು. ಮಾವ್ಶಿ ಎಲ್ಲರಿಗೂ ಚಹಾ ಕೊಟ್ಟರು, ಉತ್ತರ ಕೊಡಲಿಲ್ಲ.

ಕಂಬದ ಅನಾವರಣದ ದಿನ ಬೆಳಿಗ್ಗೆ ನಾನು ನೋಡುವಾಗ ಅವರು ಅಂಗಳದಲ್ಲಿ ನಿಂತಿದ್ದರು. ಮೈಮೇಲೆ ಸೀರೆ ಅಲ್ಲ. ಪೆಟ್ಟಿಗೆಯ ತಳದಲ್ಲಿ ಎಷ್ಟೋ ವರ್ಷ ಮಲಗಿದ್ದ ಬರ್ಮಾದ ರೇಷ್ಮೆ ಲುಂಗಿ, ಮೇಲೆ ಬಿಳಿ ರವಿಕೆ, ಕೂದಲನ್ನು ನೆತ್ತಿಗೆ ಸುತ್ತಿ ಮಲ್ಲಿಗೆ. ಮಡಿಕೆಯ ಗೆರೆಗಳು ರೇಷ್ಮೆಯಲ್ಲಿ ಹಾಗೇ ಇದ್ದವು.

"ಬಾ ಬಾಯೆ, ಹೊತ್ತಾಯ್ತು," ಅಂದರು.

ಬಿಕರ್ನಕಟ್ಟೆಯಲ್ಲಿ ಜನ ಎಂದರೆ ಜನ. ಬಾಲಯೇಸುವಿನ ಹಬ್ಬಕ್ಕೂ ನಾನು ಅಷ್ಟು ಜನ ನೋಡಿರಲಿಲ್ಲ. ಪೊಲೀಸ್ ಬ್ಯಾಂಡು, ಚಪ್ಪರ, ಕಂಬಕ್ಕೆ ಹೊದೆಸಿದ ಬಾವುಟದ ಬಣ್ಣದ ಬಟ್ಟೆ. ಮಾವ್ಶಿ ನಡೆದು ಬಂದಾಗ ಗುಂಪು ತಾನಾಗಿ ದಾರಿ ಬಿಟ್ಟಿತು. ಅವರನ್ನು ಆ ಉಡುಪಿನಲ್ಲಿ ನೋಡಿ ಶೆಟ್ಟರು ಒಂದು ಕ್ಷಣ ತಡವರಿಸಿ, ಆಮೇಲೆ ಕೈಮುಗಿದರು. ಹಗ್ಗ ಎಳೆದದ್ದು ಮಾವ್ಶಿಯೇ. ಬಟ್ಟೆ ಜಾರಿತು, ಹೊಸ ಕಲ್ಲು ಹೊಳೆಯಿತು, ಚಪ್ಪಾಳೆ. ತಾಯಿಯಿಂದ ನಾಲ್ಕು ಮಾತು ಅಂತ ಮೈಕಿನಲ್ಲಿ ಕರೆದರು. ಸಮಿತಿಯವರು ಒಂದು ಸಣ್ಣ ಭಾಷಣ ಬರೆದು ನನ್ನ ಕೈಗೆ ಕೊಟ್ಟಿದ್ದರು; ಅವರ ಪರವಾಗಿ ನಾನು ಓದಬೇಕಿತ್ತು. ಮಾವ್ಶಿ ನನ್ನ ಕೈ ಮೇಲೆ ಕೈಯಿಟ್ಟು ತಡೆದು, ತಾವೇ ಮೈಕಿನ ಎದುರು ನಿಂತರು.

ಬರ್ಮಾದ ಮಾತಿನಲ್ಲಿ ಮಾತಾಡಿದರು. ಮಗನನ್ನು ಕರೆಯುವುದು ಬಿಟ್ಟರೆ ಅವರ ಬಾಯಲ್ಲಿ ಆ ಭಾಷೆಯನ್ನು ನಾನು ಕೇಳಿದ್ದೇ ಇಲ್ಲ. ಮಾತಾಡಲಿಕ್ಕೆ ಅವರಿಗೆ ಇಲ್ಲಿ ಯಾರಿದ್ದರು? ಮೊದಲು ತಡೆದು ತಡೆದು, ಆಮೇಲೆ ಸರಾಗವಾಗಿ, ಏರಿ ಇಳಿಯುವ ಆ ಮಾತು ಧ್ವನಿವರ್ಧಕದಿಂದ ಹೊರಟು ಕದ್ರಿ ಗುಡ್ಡದ ಕಡೆಗೆ ಹೋಯಿತು. ಅಳಲಿಲ್ಲ. ನಡುವೆ ಒಂದು ಸಲ ನಕ್ಕರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ, ಯಾರೂ ಅಲುಗಲಿಲ್ಲ. ಮಂತ್ರಿಗಳು ತಲೆ ತಗ್ಗಿಸಿ ಕೂತಿದ್ದರು. ನನಗೆ ಅರ್ಥವಾದದ್ದು ಪದೇ ಪದೇ ಬರುತ್ತಿದ್ದ ಒಂದೇ ಪದ, ಥಾಲೇ. ಅವನ ಜೊತೆ ಆಡಿ ಬೆಳೆದ, ಈಗ ಮೀಸೆ ಬಂದ ಕುಲಶೇಖರದ ಗಂಡಸರಿಗೂ ಅದೊಂದು ತಿಳಿಯಿತು. ಹಿಂದಿನ ಸಾಲಿನಲ್ಲಿ ಅವರು ಅಳುವುದು ಕೇಳುತ್ತಿತ್ತು.

ಮಳೆ ಶುರುವಾಗುವ ಮುಂಚೆ ಒಂದು ದಿನ ಶೆಟ್ಟರು ಒಬ್ಬರೇ, ಕಾರು ದೂರದಲ್ಲಿ ನಿಲ್ಲಿಸಿ, ಬಿಸಿಲಿಗೆ ಕೊಡೆ ಹಿಡಿದು ನಡೆದು ಬಂದರು. ಮಾವ್ಶಿ ನನ್ನನ್ನು ಕರೆದರು.

"ಆ ದಿನ ಎಂತ ಹೇಳಿದ್ರಿ ಅಮ್ಮಾ? ನಂಗೆ ನಿದ್ದೆ ಬರುವುದಿಲ್ಲ," ಅಂದರು ಶೆಟ್ಟರು.

"ಅವನು ಹುಟ್ಟಿದ ದಿನದ ಕತೆ. ಹೊಳೆ ಹತ್ತಿರ ಮನೆ. ಜೋರು ಮಳೆ. ಸೂಲಗಿತ್ತಿ ಬರುವಾಗ ಜಾರಿ ಬಿದ್ದಳು, ಅವಳಿಗೇ ಎಣ್ಣೆ ಹಚ್ಚಬೇಕಾಯ್ತು. ಇವನ ಪಪ್ಪ ಹೊರಗೆ ನಿಂತು ಕೊಂಕಣಿಯಲ್ಲಿ ಜಪ, ನನ್ನ ಅಮ್ಮ ಒಳಗೆ ಬುದ್ಧನಿಗೆ ದೀಪ." ಮಾವ್ಶಿ ಶೆಟ್ಟರಿಗೆ ಚಹಾ ಮುಂದೆ ಸರಿಸಿದರು. "ನೀವು ಕಲ್ಲಿನಲ್ಲಿ ಬರೀಲಿಲ್ಲ. ಅದಕ್ಕೆ ಬಾಯಲ್ಲಿ ಹೇಳಿದೆ."

ಶೆಟ್ಟರು ಚಹಾ ಪೂರ್ತಿ ಕುಡಿದು ಎದ್ದು ಹೋದರು. ಶಾಲೆ ಶುರುವಾದ ವಾರ ನಾನು ಕೊಡೆ ಬಿಡಿಸಿ ಬಿಕರ್ನಕಟ್ಟೆಯಲ್ಲಿ ಇಳಿದಾಗ ಕಂಬದ ಬುಡದಲ್ಲಿ ಕಲ್ಲಿನ ಹುಡಿ ಮಳೆನೀರಿಗೆ ಹರಿಯುತ್ತಿತ್ತು. ಸಾಲುಗಳ ನಡುವೆ ಜಾಗ ಸಾಲದೆ, ಉಳಿದದ್ದಕ್ಕಿಂತ ಸಣ್ಣ ಅಕ್ಷರದಲ್ಲಿ, ಸ್ವಲ್ಪ ಓರೆಯಾಗಿ ಹೊಸತೊಂದು ಸಾಲು ಬಂದಿತ್ತು: ಜನನ: ರಂಗೂನು.

ಆ ಕಂಬ ಈಗ ಅಲ್ಲಿಲ್ಲ. ರಸ್ತೆ ಅಗಲ ಮಾಡಿದಾಗ ಒಮ್ಮೆ ಸರಿಸಿದರು, ಮತ್ತೊಮ್ಮೆ ಸರಿಸಿದರು. ಈಗ ಬಸ್ ನಿಲ್ದಾಣದ ಹಿಂದೆ ಕಾಡುಬಳ್ಳಿಯ ನಡುವೆ ಉಂಟು. ರಸ್ತೆಯ ಹೆಸರು ಯಾರೂ ಹೇಳುವುದಿಲ್ಲ. ಮಾವ್ಶಿ ಅದಾದ ಮೇಲೂ ಬಹಳ ವರ್ಷ ಬದುಕಿದರು. ಕೊನೆಯಲ್ಲಿ ಅವರನ್ನು ನೋಡಿಕೊಂಡದ್ದು ನಾನೇ. ನಾನು ಮದುವೆಯಾಗಲಿಲ್ಲ. ಅದು ಸಿರಿಲನಿಗಾಗಿ ಅಂದರೆ ಪೂರ್ತಿ ನಿಜವಲ್ಲ, ಅಲ್ಲ ಅಂದರೂ ನಿಜವಲ್ಲ.

ಆದರೆ ಆ ವರ್ಷ ನನಗೆ ಮುಗಿಯುವುದು ಕಲ್ಲಿನಲ್ಲಿ ಅಲ್ಲ. ತುಳುವರ ಆಟಿ ತಿಂಗಳು, ಅಂದರೆ ಆಷಾಢ, ಹಗಲೂ ಕತ್ತಲೆಯಾಗುವ ಮಳೆ. ಶಾಲೆಗೆ ರಜೆ ಕೊಟ್ಟಿದ್ದರು. ಸೈನ್ಯದ ರೇನ್‌ಕೋಟು ಹಾಕಿದ ಒಬ್ಬ ಗಿಡ್ಡ ಮನುಷ್ಯ ವಿಚಾರಿಸಿಕೊಂಡು ಮಾವ್ಶಿಯ ಅಂಗಳಕ್ಕೆ ಬಂದ. ಸಿರಿಲನ ಪಡೆಯ ಗೂರ್ಖಾ ಸಿಪಾಯಿ, ನೇಪಾಳದವನು, ಹೆಸರು ಧನಬಹಾದ್ದೂರ್. ಹಿಮಕ್ಕೆ ಕೈಬೆರಳು ಹೋಗಿ ಆಸ್ಪತ್ರೆಯಲ್ಲಿದ್ದು, ಈಗ ಊರಿಗೆ ಹೋಗುವ ಮುಂಚೆ ದೇಶದ ಆ ತುದಿಯಿಂದ ಈ ತುದಿಗೆ ಬಂದಿದ್ದ. ಜಗಲಿಯಲ್ಲಿ ಮಾವ್ಶಿಯನ್ನು ಕಂಡವನು ಹಾಗೇ ನಿಂತ. ಸಣ್ಣ ಕಣ್ಣು, ಎತ್ತರದ ಕೆನ್ನೆ. ಅವನದ್ದೂ ಅದೇ ಮುಖ. ಬಗ್ಗಿ ಕಾಲು ಮುಟ್ಟಿದ.

ನಾನು ಹಿಂದಿ ಪರೀಕ್ಷೆಗಳನ್ನು ಕಟ್ಟಿದ್ದೆನಾದ್ದರಿಂದ ನಡುವೆ ಕೂತು ಹೇಳಿದೆ. ಆ ತಿರುವಿನಲ್ಲಿ ನಿಲ್ಲಲು ತಾನೂ ಇದ್ದೆ, ಸಾಹೇಬರು ತನ್ನ ಕೈ ನೋಡಿ, ನಿನ್ನಿಂದ ಬಂದೂಕು ಹಿಡಿಯಲಾಗದು, ಗಾಯದವರನ್ನು ಕರೆದುಕೊಂಡು ಇಳಿ ಅಂತ ಗದರಿಸಿ ಕಳಿಸಿದರು ಅಂದ. ಅದನ್ನು ಹೇಳುವಾಗ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿ ಅಡಗಿಸಿಕೊಂಡ. ಮಾವ್ಶಿ ಆ ಕೈಯನ್ನು ತೆಗೆದು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಇನ್ನೂ ಹೇಳು ಅನ್ನು," ಅಂದರು ನನಗೆ. "ಯುದ್ಧ ಬೇಡ. ಬೇರೆ ಎಂತಾದರೂ."

ಅವನು ಸ್ವಲ್ಪ ಯೋಚಿಸಿ ಹೇಳಿದ. ಅಲ್ಲಿಯ ಗುಡ್ಡದ ಹಳ್ಳಿಯ ಜನ ಸಾಹೇಬರ ಮುಖ ನೋಡಿ ತಮ್ಮವರೇ ಅಂತ ತಿಳಿದು ತಮ್ಮ ಭಾಷೆಯಲ್ಲೇ ಮಾತಾಡಿಸುತ್ತಿದ್ದರಂತೆ. ಒಂದು ದಿನ ಸಾಹೇಬರು ಬೆಂಕಿಯ ಹತ್ತಿರ ಕೂತು ನಕ್ಕು ಅಂದರಂತೆ: ಜೀವಮಾನದಲ್ಲಿ ಮೊದಲ ಸಲ ಒಂದು ಊರಿನಲ್ಲಿ ಯಾರೂ ನನ್ನನ್ನು ನೀನು ಎಲ್ಲಿಯವನು ಅಂತ ಕೇಳಲಿಲ್ಲ.

ನಾನು ಅದನ್ನು ಕೊಂಕಣಿಗೆ ತಂದು ಹೇಳಿದೆ.  ಮಾವ್ಶಿ ಮೊದಲ ಸಲ, ಆ ಎಲ್ಲ ತಿಂಗಳುಗಳಲ್ಲಿ ಮೊದಲ ಸಲ, ಜೋರಾಗಿ ಅತ್ತರು. ಧನಬಹಾ‌ದ್ದೂರ್ ಹೆದರಿ ನನ್ನ ಮುಖ ನೋಡಿದ. ಪರವಾಗಿಲ್ಲ, ಅಳಲಿ ಅಂದೆ.

ಊಟ ಮಾಡಿಸಿ ಅವನನ್ನು ಬಸ್ಸಿಗೆ ಬಿಡಲು ನಾನು ಹೊರಟೆ. ಗೇಟಿನ ಹತ್ತಿರ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ ಅವನನ್ನೂ ಮಾವ್ಶಿಯನ್ನೂ ನೋಡಿ, "ಇದು ಯಾರು ಬಾಯಮ್ಮಾ? ನಿಮ್ಮವರಾ?" ಅಂತ ಕೇಳಿದಳು. "ಹೌದು, ನಮ್ಮವನು," ಅಂದರು ಮಾವ್ಶಿ.

ಇಬ್ಬರಿಗೂ ಒಂದೇ ಕೊಡೆ. ರಸ್ತೆಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಬೆಂಕಿಯ ಹತ್ತಿರ ಕೂತಾಗ ಸಾಹೇಬರು ಮನೆಯ ಮಾತು ಆಡುತ್ತಿದ್ದರಾ, ಪಕ್ಕದ ಮನೆಯ ಯಾರದ್ದಾದರೂ ಹೆಸರು ಹೇಳಿದ್ದರಾ ಅಂತ ಕೇಳಬೇಕಿತ್ತು. ವಾಕ್ಯವನ್ನು ಹಿಂದಿಯಲ್ಲಿ ಮನಸ್ಸಿನೊಳಗೆ ಕಟ್ಟಿದೆ, ಸರಿಪಡಿಸಿದೆ, ಮತ್ತೆ ಕಟ್ಟಿದೆ. ಹೇಳಿದ್ದರು ಅಂದರೆ ಹೇಗೆ ತಡೆದುಕೊಳ್ಳಲಿ, ಇಲ್ಲ ಅಂದರೆ ಹೇಗೆ? ಬಸ್ಸು ಬಂತು. ಅವನು ಸೆಲ್ಯೂಟ್ ಹೊಡೆದು ಹತ್ತಿದ. ಮಳೆಗೆ ಎಲ್ಲ ಕಿಟಕಿಗಳಿಗೂ ಟಾರ್ಪಾಲು ಇಳಿಬಿಟ್ಟಿದ್ದರು. ಅವನು ಎಲ್ಲಿ ಕೂತ ಅಂತಲೂ ಕಾಣಲಿಲ್ಲ.

ವಾಪಸು ಬಂದಾಗ ಮಾವ್ಶಿ ಜಗಲಿಯಲ್ಲೇ ಕೂತಿದ್ದರು. ಒದ್ದೆಯಾದ ನನ್ನ ತಲೆಗೆ ಬಟ್ಟೆ ಕೊಟ್ಟರು.

"ಕೇಳಿದೆಯಾ?" ಅಂದರು.

"ಎಂತ?"

"ನಿನಗೆ ಬೇಕಾದದ್ದು."

ಅವರಿಗೆ ಎಂದಿನಿಂದ ಗೊತ್ತಿತ್ತೋ, ಹಂಚು ತಿರುಗಿಸಿದ ದಿನ ಒಳಗೆ ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡಿದ್ದರೋ, ನಾನು ಕೇಳಲಿಲ್ಲ. ಇಲ್ಲ ಅಂತ ತಲೆ ಅಲ್ಲಾಡಿಸಿದೆ.

"ನಾನೂ ಒಂದು ಕೇಳ್ಳಿಲ್ಲ," ಅಂದರು ಮಾವ್ಶಿ. "ಬೇಗ ಆಯ್ತಾ, ಅಥವಾ ತುಂಬ ಹೊತ್ತು ಆಯ್ತಾ ಅಂತ."

ಪಕ್ಕಕ್ಕೆ ಸರಿದು ಬೆಂಚಿನಲ್ಲಿ ನನಗೆ ಜಾಗ ಕೊಟ್ಟರು. ನಾನು ಕೂತೆ. ಮಾವ್ಶಿ ನನ್ನ ಕೂದಲು ಬಿಚ್ಚಿ ಒರೆಸತೊಡಗಿದರು; ಒರೆಸಿ ಆದ ಮೇಲೂ ಕೈ ತೆಗೆಯಲಿಲ್ಲ.